ಆಫ್ರಿಕಾದ ಬೇಟೆಯಲ್ಲಿ ನಮ್ಮ ಪಾಲು

ಚಿಂತೆ ಮಾಡುವವರ ಬಗ್ಗೆ ಲೋಕಕ್ಕೆ ಸರಿಯಾದ ಗೌರವವಿಲ್ಲ. ಮನೆಮಂದಿಯೆಲ್ಲ ನಿಶ್ಚಿಂತೆಯಿಂದ ಮಲಗಿದ್ದಾರೆಂದರೆ ಅವರೆಲ್ಲರ ಪರವಾಗಿ ಒಬ್ಬ ಕಣ್ಣು ಬಿಟ್ಟುಕೊಂಡು ಬಿದ್ದಿದ್ದಾನೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಶಹಾಪುರದ ಬಸ್ ನಿಲ್ದಾಣದಿಂದ ಮನೆಗೆ ವಾಪಸು ಓಡಿ ಬಂದವನು ನಾನು. ಬಂದ್ ಆಗಿತ್ತು, ನಿಜ. ಆಗಿರದಿದ್ದರೆ? ಈ ಪ್ರಶ್ನೆಯ ಆಸರೆಯಲ್ಲಿಯೇ ನಮ್ಮ ಸಂಸಾರ ಇಷ್ಟು ವರ್ಷ ಸುರಕ್ಷಿತವಾಗಿ ನಿಂತಿದೆ ಎಂಬುದು ನನ್ನ ವಾದ. ನಾವು ಎಲ್ಲಿಗೂ ಹೋಗದೆ ಇದ್ದಲ್ಲೇ ನಿಂತಿರುವುದಕ್ಕೂ ಅದೇ ಕಾರಣ ಎಂಬುದು ನನ್ನ ಹೆಂಡತಿ ಮಲ್ಲಮ್ಮನ ವಾದ. ಗೋವಾಕ್ಕೆ ಹೋಗೋಣವೆಂದಾಗ ನನಗೆ ಸಮುದ್ರ ಕಂಡಿತು. ಊಟಿ ಎಂದಾಗ ಘಾಟಿನ ತಿರುವು ಕಂಡಿತು. ಹೈದರಾಬಾದ್ ಎಂದಾಗ ರಸ್ತೆ ದಾಟುವುದು ಕಂಡಿತು. ಇವೆಲ್ಲ ಇಲ್ಲದ ಊರನ್ನು ಅವಳೇ ಹುಡುಕಲಿ ಎಂದು ನಾನು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದೆ.

ಅವಳು ಹುಡುಕಲಿಲ್ಲ. ಅವಳ ತಮ್ಮ ದೇವಿಂದ್ರ ಹುಡುಕಿದ.

ದೇವಿಂದ್ರನದು ಸುರಪುರದಲ್ಲಿ ಬೀಜ ಗೊಬ್ಬರದ ಅಂಗಡಿ. ಮನೆತನ ಬೇಟೆಗಾರರದು. ಈಗ ಆ ಮನೆಯಲ್ಲಿ ಸೊಳ್ಳೆ ಬ್ಯಾಟಿಗಿಂತ ದೊಡ್ಡ ಆಯುಧವಿಲ್ಲವಾದರೂ ಪಡಸಾಲೆಯ ಗೋಡೆಯ ಮೇಲೆ ಮುತ್ತಜ್ಜನ ಕಾಲದ ಒಂದು ಜೊತೆ ಕೊಂಬು ಇದೆ. ಹೋದವರೆಲ್ಲ ಅದರ ಕಥೆ ಕೇಳಲೇಬೇಕು. ನಮ್ಮವರು ದೋರನಹಳ್ಳಿಯಲ್ಲಿ ಕುರಿ ಸಾಕಿದವರು. ಅವರ ಹಿರಿಯರು ಪ್ರಾಣಿಯ ಹಿಂದೆ ಓಡಿದ್ದು ಕೊಲ್ಲುವುದಕ್ಕೆ, ನಮ್ಮವರು ಓಡಿದ್ದು ದೊಡ್ಡಿಗೆ ತಿರುಗಿಸುವುದಕ್ಕೆ. ಇಬ್ಬರಿಗೂ ಉಸಿರು ಹತ್ತಿದ್ದು ಒಂದೇ ಆದರೂ ಗೋಡೆಯ ಮೇಲೆ ತೂಗುಹಾಕುವಂಥದ್ದು ನಮ್ಮವರಿಗೆ ಏನೂ ಸಿಗಲಿಲ್ಲ. ಈ ಅನ್ಯಾಯವನ್ನು ಮದುವೆಯಾದಾಗಿನಿಂದ ನುಂಗಿಕೊಂಡು ಬಂದಿದ್ದೇನೆ.

ಒಂದು ಭಾನುವಾರ ಮುಂಜಾನೆ ಅವನು ನಮ್ಮ ಮನೆಗೆ ಬಂದು, ಚಹಾ ಬರುವುದಕ್ಕೂ ಕಾಯದೆ, ಮೊಬೈಲು ನನ್ನ ಮೂಗಿಗೆ ಹಿಡಿದ.

"ಭಾವಾ, ಆಫ್ರಿಕಾಕ ಬೇಟಿಗಿ ಹೋಗಾಕತ್ತೀವಿ. ಮನಿಮಂದೆಲ್ಲ. ಕಾಯ್ದೆಶೀರ ಅದ, ಯಾರ ಅಂಜಿಕಿನೂ ಇಲ್ಲ."

"ಹುಲಿ ಸಿಂಹದ ಬಾಯಾಗ ಹೋಗಿ ಬೀಳಾಕ?" ಎಂದೆ.

"ಹುಲಿ ಅಲ್ಲಿ ಇರೂದಿಲ್ರಿ. ಸಿಂಹದ ಗೊಡವಿ ನಮಗ ಬ್ಯಾಡ. ಇದು ಬಯಲ ಬೇಟಿ. ಹುಲ್ಲು ತಿನ್ನೂ ಪ್ರಾಣಿ ಅಷ್ಟ. ಸಸ್ತಾದಾಗ ಮುಗೀತದ."

ನೋಡಿದೆ. ಆಫ್ರಿಕಾದ ದಕ್ಷಿಣ ತುದಿಯಲ್ಲಿ ಯಾವನೋ ಒಬ್ಬ ದೊಡ್ಡ ಹೊಲದವನು ಬೇಲಿ ಹಾಕಿ ಕಾಡುಪ್ರಾಣಿ ಸಾಕಿದ್ದಾನೆ. ಖಾನಾವಳಿಯ ಬೋರ್ಡಿನಂತೆ ಒಂದೊಂದರ ಮುಂದೆ ದರ ಬರೆದಿದ್ದಾನೆ. ಇಂಪಾಲ ಎಂಬ ಜಿಂಕೆ ಅಗ್ಗ, ಪಟ್ಟೆ ಕುದುರೆ ತುಟ್ಟಿ, ಸುರುಳಿ ಕೊಂಬಿನ ಕುಡು ಎಂಬುದು ಇನ್ನೂ ತುಟ್ಟಿ. ಬಂದೂಕು ಬಾಡಿಗೆಗೆ. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಮಾತು: ಗುಂಡು ತಾಗಿದ ಪ್ರಾಣಿ ತಪ್ಪಿಸಿಕೊಂಡು ಹೋದರೂ ಪೂರ್ತಿ ಹಣ ಕೊಡತಕ್ಕದ್ದು. ನನ್ನ ಮೈ ಉರಿದುಹೋಯಿತು. ಖಾನಾವಳಿಯಲ್ಲಿ ರೊಟ್ಟಿ ಎದ್ದು ಓಡಿಹೋದರೆ ಅದರ ದುಡ್ಡು ಯಾರಾದರೂ ಕೇಳುತ್ತಾರೆಯೇ?

ಇನ್ನೊಂದು ಉರಿಯೂ ಇತ್ತು. ದೋರನಹಳ್ಳಿಯ ನಮ್ಮ ಹೊಲದಲ್ಲಿ ತೊಗರಿ ಎರಡೆಲೆ ಬಿಟ್ಟಿತೆಂದರೆ ಚಿಗರಿ ಜಿಂಕೆಗಳ ಹಿಂಡು ಬೀಗರ ಮನೆಗೆ ಬಂದಂತೆ ಬರುತ್ತದೆ. ಅವಕ್ಕೆ ಒಂದು ಕಲ್ಲು ಎಸೆಯಲಿಕ್ಕೂ ನಾನು ಹಿಂದೆ ಮುಂದೆ ನೋಡಬೇಕು, ಕಾಯ್ದೆ ಅವುಗಳ ಕಡೆಗಿದೆ. ಇರಲಿ, ಚೆಂದದ ಪ್ರಾಣಿ, ಉಳಿಯಲಿ. ಇಲ್ಲಿ ಪುಕ್ಕಟೆ ಮೇಯಿಸಿ, ಅದರ ದೊಡ್ಡಪ್ಪನ ಮಕ್ಕಳನ್ನು ಹೊಡೆಯುವುದಕ್ಕೆ ಸಮುದ್ರ ದಾಟಿ ದುಡ್ಡು ತೆರಬೇಕೆ? ಅವನ್ನು ಎದುರಿಗೆ ತಂದು ನಿಲ್ಲಿಸಿದರೂ ಗುಂಡು ಹಾರಿಸುವುದು ನನ್ನಿಂದಾಗದ ಮಾತು. ಹಲ್ಲಿಯ ಬಾಲ ಬಾಗಿಲಲ್ಲಿ ಸಿಕ್ಕಿದ ದಿನ ಊಟ ಬಿಟ್ಟವನು ನಾನು.

"ಇದೆಲ್ಲ ನನ್ನ ಕಡಿಂದ ಆಗೂದಿಲ್ಲ," ಎಂದು ಖಡಕ್ಕಾಗಿ ಹೇಳಿದೆ.

ಒಳಗಿನಿಂದ ಮಲ್ಲಮ್ಮ ಬಂದಳು. ಕೈಯಲ್ಲಿ ಚಹಾ ಇತ್ತು, ಕೊಡಲಿಲ್ಲ. "ಏನ್ರಿ, ಲಗ್ನ ಆದಾಗಿಂದ ಮುಂದಿನ ವರ್ಷ, ಮುಂದಿನ ವರ್ಷ ಅಂದ್ರಿ. ನಂದು ವಯಸ್ಸು ಮುಂದ ಹೋಯ್ತು, ನಾ ಇಲ್ಲೇ ಉಳದೆ. ಈ ಸಲ ನೀವು ಬರಲಿಲ್ಲಂದ್ರ ಬ್ಯಾಡ್ರಿ. ನಾ ನನ್ನ ತಮ್ಮನ ಕೂಡ ಹೋಗಾಕಿ."

ಸಿಟ್ಟಿನಿಂದ ಹೇಳಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಅವಳು ಸಮಾಧಾನವಾಗಿ ಹೇಳಿದಳು. ನಾನಿಲ್ಲದೆ ಅವಳು ವಿಮಾನದಲ್ಲಿ ಕುಳಿತಂತೆ, ಕಿಟಕಿಯಿಂದ ಮೋಡ ನೋಡಿ ನಗುತ್ತಿರುವಂತೆ ನನ್ನ ಕಣ್ಣಿಗೆ ಕಟ್ಟಿತು. ವಿಮಾನ ಬೀಳುವುದು ಕಾಣಲಿಲ್ಲ ಎಂಬುದೇ ನನಗೆ ಹೆಚ್ಚು ಗಾಬರಿಯಾದ ವಿಷಯ. ಅವಳು ನಾನಿಲ್ಲದೆ ಸುಖವಾಗಿ ಹೋಗಿ ಸುಖವಾಗಿ ಬಂದುಬಿಟ್ಟರೆ ಮುಂದೆ ಈ ಮನೆಯಲ್ಲಿ ನನ್ನ ಚಿಂತೆಗೆ ಕವಡೆ ಕಿಮ್ಮತ್ತು ಇರುತ್ತದೆಯೇ?

ಆದರೂ ಬೀಜದ ಅಂಗಡಿಯವನಿಗೆ ಆಫ್ರಿಕಾ ಸಸ್ತಾ ಆಗುವುದು ಹೇಗೆ ಎಂಬುದು ನನ್ನನ್ನು ಕೊರೆಯತೊಡಗಿತು. ವಿಚಾರಿಸಿದಾಗ ಅದರ ಗುಟ್ಟು ತಿಳಿಯಿತು. ಸುರಪುರದ ಅವರ ಓಣಿಯಲ್ಲಿ ಹಬ್ಬದ ಮರುದಿನ, ಕರಿಯ ದಿನ, ಹತ್ತಾರು ಮನೆಯವರು ಕೂಡಿ ಕುರಿ ಕೊಳ್ಳುತ್ತಾರೆ. ಮುತ್ತಲ ಎಲೆಯ ಮೇಲೆ ಸಮನಾಗಿ ಪಾಲು ಹಾಕುತ್ತಾರೆ. ದುಡ್ಡು ಕೊಟ್ಟ ಮನೆಗೆಲ್ಲ ಒಂದೊಂದು ಎಲೆ. ದೇವಿಂದ್ರ ಇದೇ ಲೆಕ್ಕವನ್ನು ಆಫ್ರಿಕಾಕ್ಕೆ ಹಚ್ಚಿದ್ದ. ಓಣಿಯಲ್ಲಿ ಮಾತ್ರವಲ್ಲ, ಕೆಂಭಾವಿ, ವನದುರ್ಗದ ಬೀಗರವರೆಗೂ ಹೋಗಿ, "ಕುಡು ಅಂದ್ರ ನಮ್ಮ ಎತ್ತಿನಷ್ಟ ಇರ್ತದ. ಖಂಡ ಒಣಗಿಸಿ ಚೀಲ ತುಂಬಿ ತರ್ತೀನಿ, ಮನಿಗೊಂದು ಪಾಲು," ಎಂದು ಮುಂಗಡ ಎತ್ತಿದ್ದ. ಜನ ಕೊಟ್ಟಿದ್ದರು! ನನ್ನ ಮಗಳ ಕಾಲೇಜಿನ ಫೀಸಿಗೆ ಕೈಗಡ ಕೇಳಿದಾಗ ಜೇಬು ತಡವಿ ತೋರಿಸಿದವರು ಕಾಣದ ದೇಶದ ಕಾಣದ ಪ್ರಾಣಿಯ ತೊಡೆಗೆ ಮುಂಗಡ ಕೊಟ್ಟಿದ್ದರು.

ಆಫ್ರಿಕಾದವನ ಜೊತೆ ಮಾತು ಪಕ್ಕಾ ಮಾಡುವ ದಿನ ನಾವೆಲ್ಲ ಸುರಪುರದ ಪಡಸಾಲೆಯಲ್ಲಿ ಕೊಂಬಿನ ಕೆಳಗೆ ಕುಳಿತೆವು. ಮಗಳು ಸುಜಾತಾ ಮೊಬೈಲು ಹಿಡಿದು ಇಂಗ್ಲಿಷಿನಲ್ಲಿ ಮಾತಾಡುವುದು, ನಮಗೆ ತಿರುಗಿಸಿ ಹೇಳುವುದು ಎಂದು ನಿಶ್ಚಯವಾಗಿತ್ತು. ಕೆಂಪು ಮುಖದ, ದೊಡ್ಡ ಟೋಪಿಯ ಒಬ್ಬ ಸಾಹೇಬ ತೆರೆಯ ಮೇಲೆ ಕಾಣಿಸಿಕೊಂಡ. ನಮ್ಮ ಅತ್ತೆ ಸೆರಗು ಸರಿಮಾಡಿಕೊಂಡರು.

ಮಾತು ಚೆನ್ನಾಗಿ ನಡೆದಿತ್ತು. ಅಷ್ಟರಲ್ಲಿ ದೇವಿಂದ್ರ, "ಖಂಡ ಎಷ್ಟ ಚೀಲ ಆಗ್ತದ ಕೇಳವಾ," ಎಂದ.

ಸುಜಾತಾ ಕೇಳಿದಳು. ಸಾಹೇಬ ನಕ್ಕು ಏನೋ ಹೇಳಿದ. ಅವಳ ಮುಖ ಸಣ್ಣದಾಯಿತು. "ಮಾಮಾ, ಖಂಡ ಕೊಡೂದಿಲ್ಲಂತ. ಕೊಂಬು, ತೊಗಲು ಅಷ್ಟ ನಮ್ಮವು. ಇರೂತನ ಅಲ್ಲೇ ಉಣ್ಣಬಹುದಂತ. ಉಳದದ್ದು ಅವರದು."

ಅತ್ತೆಯವರೇ ಮೊದಲು ಬಾಯಿಬಿಟ್ಟರು. "ಹೊಡಿಯೂದು ನಾವು, ತಿನ್ನೂದು ಅವರಾ? ನಾಕ ಮಂದಿಗಿ ಹಂಚಲಾರದ್ದು ಅದೆಂಥಾ ಬೇಟಿ? ಅದಕ ಕೊಲಿ ಅಂತಾರ. ದೇವ್ಯಾ, ಮುಂಗಡ ಎಲ್ಲಾ ತಿರುಗಿ ಕೊಟ್ಟು ಬಾ."

ದೇವಿಂದ್ರ ತಲೆ ತಗ್ಗಿಸಿದ. ಆಫ್ರಿಕಾ ನನ್ನ ಕಣ್ಣೆದುರಿಗೇ ಮುಳುಗಿಹೋಯಿತು. ನಾನು ಒಂದು ಮಾತೂ ಆಡಿರಲಿಲ್ಲ. ಆದರೆ ಮಲ್ಲಮ್ಮ ನನ್ನ ಕಡೆ ತಿರುಗಿದಳು.

"ಸಮಾಧಾನ ಆತೇನ್ರಿ? ಇದರಾಗೂ ನಿಮ್ಮದ ಕೈ ಅದ ನೋಡ್ರಿ."

ಇಷ್ಟು ವರ್ಷ ಮಾಡಿದ್ದಕ್ಕೆಲ್ಲ ಬೈಸಿಕೊಂಡಿದ್ದೇನೆ, ಅದು ನ್ಯಾಯ. ಮಾಡದ್ದಕ್ಕೆ ಬೈಸಿಕೊಳ್ಳಲು ನನ್ನಿಂದಾಗಲಿಲ್ಲ. ಅವಳ ಕಣ್ಣು ಬೇರೆ ತುಂಬಿತ್ತು. ಮಗಳ ಕೈಯಿಂದ ಮೊಬೈಲು ಕಸಿದುಕೊಂಡು ಎದ್ದು ನಿಂತೆ. ಕುರಿಸಂತೆಯಲ್ಲಿ ನಮ್ಮಪ್ಪ ವ್ಯಾಪಾರ ಮಾಡುವುದನ್ನು ನೋಡಿ ಬೆಳೆದವನು ನಾನು. ಕನ್ನಡದಲ್ಲಿಯೇ ಶುರು ಮಾಡಿದೆ. "ಏನ್ರೀ ಸಾಹೇಬ್ರ, ರೊಕ್ಕ ನಮ್ಮದು, ಗುಂಡು ನಮ್ಮದು, ಖಂಡ ನಿಮ್ಮದು, ಇದು ಎಲ್ಲಿ ಇನ್ಸಾಫ್? ಅರ್ಧನಾದ್ರೂ ಕೊಡ್ರಿ. ಒಣಗಿಸಿದ್ದು ಕೊಡ್ರಿ. ಕಾಲಾದ್ರೂ ಕೊಡ್ರಿ!" ಸುಜಾತಾ ಹಿಂದಿನಿಂದ ಕೂಗಿ ಕೂಗಿ ಇಂಗ್ಲಿಷ್ ಮಾಡಿದಳು. ಒಣಗಿಸಿದ್ದನ್ನೂ ದೇಶ ದಾಟಿಸಲು ಬಿಡುವುದಿಲ್ಲವೆಂದ ಅವನು. ಹಾಗಾದರೆ ದರ ಇಳಿಸು ಎಂದೆ. ಆಗುವುದಿಲ್ಲವೆಂದ. "ಹಂಗಾದ್ರ ಹೊಡಿಯೂದ ಇಲ್ಲ, ಏನ್ ಮಾಡ್ತಿ?" ಎಂದು ಗುಡುಗಿದೆ.

ಸಾಹೇಬ ಟೋಪಿ ತೆಗೆದು ತಲೆ ಕೆರೆದುಕೊಂಡು ಏನೋ ಹೇಳಿದ. ಸುಜಾತಾ ಅರಳಿದಳು. "ಅಪ್ಪಾ, ಹೊಡಿಲಾರದ ಬರೇ ನೋಡಾಕ ಬಂದ್ರ ಭಾಳ ಸಸ್ತಾ ಅಂತ! ಊಟ, ವಸ್ತಿ, ಜೀಪಿನ್ಯಾಗ ತಿರುಗಾಡೂದು, ಎಲ್ಲಾ ಕೂಡಿ. ನಿಮ್ಮಪ್ಪನಂಥಾ ಹುರುಪಿನ ಮನುಷ್ಯಾನ ನಾ ನೋಡೇ ಇಲ್ಲ, ಕರಕೊಂಡು ಬಾ ಅನ್ನಾಕತ್ತಾನ."

ದರ ಕೇಳಿದೆವು. ನನ್ನ ಪುಣ್ಯಕ್ಕೆ ಅದು ನಿಜವಾಗಿಯೂ ಕಡಿಮೆ, ಯಾರ ಮುಂಗಡವೂ ಇಲ್ಲದೆ ನಮ್ಮ ಕೈಗೆ ಎಟಕುವಷ್ಟು ಕಡಿಮೆ ಇತ್ತು. ಬಂದೂಕಿಲ್ಲ, ರಕ್ತವಿಲ್ಲ, ಗಾಯಗೊಂಡು ಓಡುವ ಪ್ರಾಣಿಯಿಲ್ಲ. ನಾನು ಹಿಡಿದುಕೊಳ್ಳಬಹುದಾಗಿದ್ದ ಒಂದೊಂದು ನೆಪವನ್ನೂ ನಾನೇ ನಿಂತು, ಗಂಟಲು ಹರಿಯುವಂತೆ ಕೂಗಿ, ತೆಗೆಸಿಹಾಕಿದ್ದೆ. "ಮತ್ತ ವಿಮಾನ..." ಎಂದು ಬಾಯಿ ತೆರೆದೆ. ಮಲ್ಲಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, "ನೀವು ಇಷ್ಟ ಜಗಳಾಡ್ತೀರಿ ಅಂತ ಗೊತ್ತಿರಲಿಲ್ರಿ," ಎಂದಳು. ಇನ್ನು ವಿಮಾನದ ಬಗ್ಗೆ ಮಾತಾಡುವುದು ಹೇಗೆ?

ಆ ಮಧ್ಯಾಹ್ನ ಅತ್ತೆಯವರು ಕುರಿಯ ಸಾರು ಮಾಡಿದ್ದರು. ಬಡಿಸುವಾಗ ಹುರಿದ ಕಾಳಿಜದ, ಅಂದರೆ ಕುರಿಯ ಈಲಿಯ, ತುಂಡುಗಳನ್ನೆಲ್ಲ ಮಗನ ತಾಟು ದಾಟಿಸಿ ನನ್ನ ತಾಟಿಗೆ ಹಾಕಿದರು. "ನಮ್ಮ ಮನ್ಯಾಗ ಇದು ಬೇಟಿ ಹೊಡದವರ ಪಾಲು. ಉಣ್ರಿ ಅಳಿಯಾರ, ಸಾಯಬಗ ಛಲೋ ಹೊಡದ್ರಿ." ದೇವಿಂದ್ರ ನನ್ನನ್ನೇ ನೋಡುತ್ತಿದ್ದ. ಇದು ತಪ್ಪು, ನನಗೆ ಆಫ್ರಿಕಾ ಬೇಡವೇ ಬೇಡ, ನಾನು ಜಗಳಾಡಿದ್ದು ಬೇರೆ ಕಾರಣಕ್ಕೆ ಎಂದು ಅಲ್ಲಿಯೇ ಖಂಡಿಸಬೇಕೆಂದು ನನಗೆ ಬಹಳ ಅನ್ನಿಸಿತು. ಆದರೆ ಖಂಡಿಸುವುದಕ್ಕೆ ಬಾಯಿ ಖಾಲಿ ಇರಬೇಕಲ್ಲ.