ಹಾಲಿಗೆ ಬಿದ್ದ ವೈರು

ಕಮಲಾ ಆಂಟಿಯ ಮನೆಯಲ್ಲಿ ಮೊಸರು ಹೆಪ್ಪುಗಟ್ಟುತ್ತಿರಲಿಲ್ಲ. ಅಮೋಘನ ಕಷ್ಟಕ್ಕೆ ಮೂಲ ಇಷ್ಟೆ.

ಜುಲೈ ತಿಂಗಳ ನೈರೋಬಿಯಲ್ಲಿ ಮೊಸರಿಗೂ ಚಳಿ. ಲ್ಯಾವಿಂಗ್ಟನ್ ಬಡಾವಣೆಯಲ್ಲಿ ಅಮೋಘನ ಪಕ್ಕದ ಮನೆಯವರಾದ ಕಮಲಾ ಆಂಟಿ ಮಂಗಳೂರು ಕಡೆಯವರು, ನಿವೃತ್ತ ಟೀಚರ್. ಪರಿಚಯದ ಕನ್ನಡದ ಮನೆಗಳಿಗೆಲ್ಲ ಮೊಸರು, ದೋಸೆಹಿಟ್ಟು ಹಂಚುವುದು ಅವರ ಹವ್ಯಾಸ. ಜೊತೆಗೆ ಬುದ್ಧಿವಾದ ಉಚಿತ. ಎರಡೂ ಮನೆಗೆ ಸೇರಿದ ಹಿಂದಿನ ವರಾಂಡದಲ್ಲಿದ್ದ ಅಮೋಘನ ದೊಡ್ಡ ಫ್ರೀಜರಿನ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣು.

ಅಮೋಘ್ ತಾನೇ ಮಾಡಿದ ಬಿಯರನ್ನು ಕೆಗ್ಗಿನಲ್ಲಿ, ಅಂದರೆ ಹಾಲಿನ ಕ್ಯಾನಿನಂಥ ಸ್ಟೀಲ್ ಪೀಪಾಯಿಯಲ್ಲಿ ತುಂಬಿ, ಆ ಫ್ರೀಜರಿನಲ್ಲಿ ಇಟ್ಟಿದ್ದ. ಫ್ರೀಜರನ್ನು ಅದರ ಪಾಡಿಗೆ ಬಿಟ್ಟರೆ ಬಿಯರು ಮಂಜುಗಡ್ಡೆಯಾಗುತ್ತದೆ. ಅದಕ್ಕೇ ಒಂದು ಪುಟ್ಟ ಡಬ್ಬಿ ಕೂರಿಸಿದ್ದ. ಅದರ ವೈರಿನ ತುದಿ ಒಳಗೆ ನೇತಾಡುತ್ತ ಶಾಖ ನೋಡುತ್ತಿರುತ್ತದೆ. ನಾಲ್ಕು ಡಿಗ್ರಿಗಿಂತ ಏರಿದರೆ ಫ್ರೀಜರನ್ನು ಎಬ್ಬಿಸುತ್ತದೆ, ಇಳಿದರೆ ಮಲಗಿಸುತ್ತದೆ. ಜ್ವರ ಬಂದಾಗ ತನ್ನ ಹಣೆಯನ್ನೂ ಅವನು ಆ ಡಬ್ಬಿ ನೋಡುವಷ್ಟು ಸಲ ಮುಟ್ಟಿ ನೋಡಿರಲಿಲ್ಲ ಎಂಬುದು ಹೆಂಡತಿ ಮೈಥಿಲಿಯ ದೂರು.

ಹಿಂದಿನ ಎರಡು ಸಲದ ಬಿಯರು ಬಚ್ಚಲು ಸೇರಿತ್ತು. ಈ ಶನಿವಾರ ಸಂಜೆ ಆಫೀಸಿನ ಬಾಸ್ ದ್ವಾರಕಾನಾಥ್ ರುಚಿ ನೋಡಲು ಬರುವವರಿದ್ದರು. ಮೈಥಿಲಿ ಕರಾರು ಹಾಕಿದ್ದಳು: "ಅವ್ರು ಎರಡನೇ ಗ್ಲಾಸ್ ಕೇಳಿದ್ರೆ ಫ್ರೀಜರ್ ನಿಂದು. ಕೇಳಲಿಲ್ಲ ಅಂದ್ರೆ ಆಂಟಿಗೆ ಕೊಟ್ಬಿಡ್ತೀನಿ. ಹಿಟ್ಟಾದ್ರೂ ಇಟ್ಕೊಳ್ಳಲಿ."

ಶುಕ್ರವಾರ ಆಫೀಸಿನಿಂದ ತಡವಾಗಿ ಬಂದು ಮಲಗಿದ್ದ ಅಮೋಘ್ ಶನಿವಾರ ಬೆಳಿಗ್ಗೆ ವರಾಂಡಕ್ಕೆ ಬಂದಾಗ ಫ್ರೀಜರ್ ಬಿಡದೆ ಗುರುಗುಟ್ಟುತ್ತಿತ್ತು. ಡಬ್ಬಿ ಇಪ್ಪತ್ತಾರು ಡಿಗ್ರಿ ತೋರಿಸುತ್ತಿತ್ತು. ಮುಚ್ಚಳ ಎತ್ತಿದರೆ ಕೆಗ್ಗಿನ ಮೈತುಂಬ ಹಿಮ. ವೈರಿನ ಜಾಡು ಹಿಡಿದು ಹೊರಟ. ಅದು ಫ್ರೀಜರಿನಿಂದ ಹೊರಬಂದು, ಸ್ಟೂಲಿನ ಮೇಲೆ ಶಾಲು ಸುತ್ತಿಟ್ಟಿದ್ದ ಹಾಟ್‌ಬಾಕ್ಸಿನೊಳಗೆ ಇಳಿದಿತ್ತು.

"ಆಂಟೀ, ಏನಿದು?"

"ಎಂತ ಇಲ್ಲ ಮಾರಾಯ. ಹಾಲು ಎಷ್ಟು ಬಿಸಿ ಉಂಟು ಅಂತ ನೋಡಿ ಹೆಪ್ಪು ಹಾಕ್ಲಿಕ್ಕೆ ನಿನ್ನೆ ಮಧ್ಯಾಹ್ನ ನಿನ್ನ ಥರ್ಮಾಮೀಟರ್ ತಗೊಂಡೆ. ಮತ್ತೆ ತೆಗೆದ್ರೆ ಮೊಸರು ಅಲುಗಾಡ್ತದೆ ಅಂತ ಅಲ್ಲೇ ಬಿಟ್ಟೆ. ನೋಡು, ಕತ್ತಿಯಲ್ಲಿ ಕೊಯ್ಯುವ ಹಾಗೆ ಆಗಿದೆ."

ಮೊಸರು ನಿಜಕ್ಕೂ ಚೆನ್ನಾಗಿತ್ತು. ಅಮೋಘನ ಹೊಟ್ಟೆ ಇನ್ನಷ್ಟು ಉರಿಯಿತು. ಬೆಚ್ಚಗಿನ ಮೊಸರನ್ನು ನಾಲ್ಕು ಡಿಗ್ರಿಗೆ ಇಳಿಸುವ ಹಟದಲ್ಲಿ ಪಾಪದ ಫ್ರೀಜರ್ ನಿನ್ನೆಯಿಂದ ಬಿಯರಿನ ಮೇಲೆ ಹೆಣಗಿತ್ತು.

ಗೇಟಿನ ಕಾವಲುಗಾರ ಕೆವಿನ್‌ನನ್ನು ಕರೆದು, ಇಬ್ಬರೂ ಕೆಗ್ಗನ್ನು ಅಂಗಳಕ್ಕೆ ಹೊತ್ತು ತಂದರು. ಅಲ್ಲಾಡಿಸಿದರೆ ಒಳಗೆ ಎಲ್ಲೋ ಒಂದಿಷ್ಟು ಕುಲುಕಿತು.

"ಪೋಲೆ ಸಾನಾ, ಬಾಸ್," ಎಂದು ಕೆವಿನ್ ಸ್ವಾಹಿಲಿಯಲ್ಲಿ, ಸಾವಿನ ಮನೆಯ ದನಿಯಲ್ಲಿ ಸಮಾಧಾನ ಹೇಳಿ ಆಕಾಶ ನೋಡಿದ. ಸೂರ್ಯ ಮೋಡದ ಮುಸುಕು ಹೊದ್ದು ಮಲಗಿದ್ದ.

ಅಮೋಘ್ ಕೆಗ್ಗಿಗೆ ಬಿಸಿನೀರಿನ ಚೀಲ ಕಟ್ಟಿದ. ಸಾಲಲಿಲ್ಲ. ಕೆವಿನ್ ಇದ್ದಿಲ ಒಲೆ ತಂದ. "ಬೆಂಕಿ ಹತ್ತಿರ ಇಡ್ಬೇಡ, ಒಡೀತದೆ," ಎಂದು ಆಂಟಿ ಆ ಒಲೆಯನ್ನು ಎತ್ತಿಕೊಂಡು ಹೋಗಿ ಅದರ ಮೇಲೆ ಹಾಲು ಕಾಯಿಸಿಕೊಂಡರು. ಸಂಜೆಯಾಗುತ್ತ ಬಂತು. ಕೊನೆಗೆ ಅಮೋಘ್ ಕಂಬಳಿ ಹೊದ್ದು ಕೆಗ್ಗನ್ನು ತಬ್ಬಿ ಕುಳಿತ. ಊರಾಚೆಯ ಕರೆನ್ ಬಡಾವಣೆಯಿಂದ ಟ್ರಾಫಿಕ್ಕಿಗೆ ಹೆದರಿ ಬೇಗನೆ ಹೊರಟಿದ್ದ ದ್ವಾರಕಾನಾಥ್ ಆಗಲೇ ಬಂದುಬಿಟ್ಟರು.

"ಏನ್ರೀ ಅಮೋಘ್, ಹುಷಾರಿಲ್ವಾ?"

"ಹಾಗೇನಿಲ್ಲ ಸರ್. ಸ್ವಲ್ಪ ಚಳಿ."

ಕೆಗ್ಗಿನ ನಲ್ಲಿ ತಿರುಗಿಸಿದರೆ ದಾರದಷ್ಟು ಸಣ್ಣಗೆ, ಕಷಾಯದ ಬಣ್ಣದ್ದೇನೋ ಇಳಿಯಿತು. ದ್ವಾರಕಾನಾಥ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಅಮೋಘ್ ಫ್ರೀಜರಿನ ಕಡೆ ಕೊನೆಯ ಸಲ ಎಂಬಂತೆ ನೋಡಿದ. ಮೈಥಿಲಿ ಕೈಕಟ್ಟಿ ನಿಂತಿದ್ದಳು. ದ್ವಾರಕಾನಾಥ್ ಗ್ಲಾಸ್ ಖಾಲಿ ಮಾಡಿ ಮುಂದೆ ಚಾಚಿದರು.

"ಇನ್ನೊಂದು ಹಾಕಿ."

ಅಮೋಘ್ ಹೆಂಡತಿಯ ಕಡೆ ಎಲೆಕ್ಷನ್ ಗೆದ್ದವನಂತೆ ನೋಡಿದ. ಮೂರನೆಯದೂ ಆಯಿತು. ದ್ವಾರಕಾನಾಥರ ಮುಖ ಕೆಂಪೇರಿತ್ತು.

"ಹೇಗ್ರೀ ಮಾಡಿದ್ರಿ ಇದನ್ನ?"

"ಸ್ಟೆಡಿ ಟೆಂಪರೇಚರ್ ಸರ್. ನಾಲ್ಕು ಡಿಗ್ರಿ. ಕೂದಲೆಳೆಯಷ್ಟೂ ಅಲ್ಲಾಡೋಕೆ ಬಿಟ್ಟಿಲ್ಲ."

"ಸುಮ್ನಿರ್ರೀ. ಇದು ಫ್ರೀಜ್ ಆಗಿರೋದು. ನೀರೆಲ್ಲ ಗಡ್ಡೆ ಕಟ್ಟಿ ಹಿಂದೆ ಉಳಿದು ಸತ್ವ ಮಾತ್ರ ಇಳಿದಿದೆ. ಜರ್ಮನಿಯಲ್ಲಿ ಒಂದ್ಸಲ ಕುಡಿದಿದ್ದೆ. ಯಾರ ಐಡಿಯಾ?"

ಅಮೋಘ್ ಬಾಯಿ ತೆರೆಯುವಷ್ಟರಲ್ಲಿ ಮೈಥಿಲಿ ಹೇಳಿಬಿಟ್ಟಳು: "ಪಕ್ಕದ್ಮನೆ ಆಂಟಿದು, ಸರ್."

ಮೊಸರಿನ ಬಟ್ಟಲು ಹಿಡಿದು ಬಂದ ಆಂಟಿಯನ್ನು ಕಂಡು ದ್ವಾರಕಾನಾಥ್ ಕಷ್ಟಪಟ್ಟು ಎದ್ದು ನಿಂತು ಕೈಮುಗಿದರು. "ಅಮ್ಮಾ, ಮುಂದಿನ ತಿಂಗಳು ಆಫೀಸ್ ಪಾರ್ಟಿಗೆ ಇಂಥದ್ದೇ ಬೇಕು. ನೀವೇ ನಿಂತು ಮಾಡಿಸ್ಬೇಕು. ಕೆಗ್ ಎತ್ತೋದಕ್ಕೆ ಅಮೋಘ್ ಇರ್ತಾರೆ."

"ಅದಕ್ಕೆಂತ, ಮಾಡುವ," ಎಂದರು ಹುಟ್ಟಿದಾಗಿನಿಂದ ಒಂದು ಹನಿಯನ್ನೂ ಮುಟ್ಟದ ಆಂಟಿ. "ಆದ್ರೆ ದಿನಾ ಹಾಲು ಇಡ್ಬೇಕಾಗ್ತದೆ."

ಡ್ರೈವರ್ ದ್ವಾರಕಾನಾಥರನ್ನು ಹಿಡಿದು ಕಾರು ಹತ್ತಿಸಿದ. ಅಮೋಘ್ ವರಾಂಡಕ್ಕೆ ಬಂದು ನೋಡಿದ. ಫ್ರೀಜರಿನ ಮೇಲೆ ಆಗಲೇ ಹಾಟ್‌ಬಾಕ್ಸುಗಳು ಸಾಲಾಗಿ ಕೂತಿದ್ದವು. ವೈರು ಮೊದಲನೆಯದರೊಳಗೆ ಇಳಿದಿತ್ತು.

"ಮೈಥಿಲೀ, ಗೆದ್ದಿದ್ದು ನಾನು. ಫ್ರೀಜರ್ ನಂದು."

"ನಿಂದೇ ಕಣೋ, ಯಾರು ಇಲ್ಲ ಅಂದ್ರು?" ಎಂದಳು ಮೈಥಿಲಿ, ಮೊಸರು ಬಡಿಸಿಕೊಳ್ಳುತ್ತ. "ವೈರ್ ಮಾತ್ರ ಆಂಟಿದು."