ಹೊತ್ತು ಮುಳುಗುವುದರೊಳಗೆ ಒಂದು ಟೆಸ್ಟ್ ಡ್ರೈವ್

ಹೆಂಗಸರಿಗೆ ಬಂಗಾರದ ಹುಚ್ಚು ಎಂದು ಹೇಳುವವರು ಯಾರೂ ನನ್ನನ್ನು ನೋಡಿದವರಲ್ಲ. ಬಂಗಾರದ ಅಂಗಡಿಯಲ್ಲಿ ಕೂತರೆ ನನಗೆ ಆಕಳಿಕೆ ಬರುತ್ತದೆ. ಅದೇ ರಸ್ತೆಯ ಬದಿಗೆ ಯಾರಾದರೂ ಗಾಡಿಯ ಬಾನೆಟ್ ಎತ್ತಿ ನಿಂತಿದ್ದರೆ ಸಾಕು, ಕೈಯಲ್ಲಿ ಕಾಯಿಪಲ್ಯದ ಚೀಲ ಎಷ್ಟೇ ಭಾರವಿರಲಿ, ಇಣುಕಿ ನೋಡದೆ ಮುಂದೆ ಹೋಗಲಾರೆ. ಇದು ತವರಿನಿಂದ ತಂದ ಬಳುವಳಿ. ನಾನು ಹುಟ್ಟಿ ಬೆಳೆದದ್ದು ಉಗಾರ ಖುರ್ದದಲ್ಲಿ. ಹಂಗಾಮು ಶುರುವಾಯಿತೆಂದರೆ ಸಕ್ಕರೆ ಕಾರ್ಖಾನೆಯ ಗೇಟಿನಿಂದ ನಮ್ಮ ಮನೆಯ ಬಾಗಿಲವರೆಗೂ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಓಣಿಯ ಹುಡುಗಿಯರೆಲ್ಲ ಟ್ರೇಲರಿನಿಂದ ಕಬ್ಬು ಜಗ್ಗಿ ತಿನ್ನುತ್ತಿದ್ದಾಗ ನಾನು ಮಾತ್ರ ಯಾವ ಟ್ರ್ಯಾಕ್ಟರು ಭಾರಕ್ಕೆ ಮೂತಿ ಎತ್ತುತ್ತದೆ, ಯಾವುದು ಎತ್ತುವುದಿಲ್ಲ ಎಂದು ನೋಡುತ್ತ ನಿಂತಿರುತ್ತಿದ್ದೆ. ಈ ಹುಡುಗಿ ಮುಂದೆ ಏನಾಗುತ್ತದೋ ಎಂದು ಅಪ್ಪ ಚಿಂತಿಸುತ್ತಿದ್ದರು. ಏನೂ ಆಗಲಿಲ್ಲ. ಅಥಣಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವ ಮೇಡಂ ಆದೆ, ಪೈಪಿನ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದೆ.

ಆ ಮನೆಯಲ್ಲಿ ಒಂದು ಹಳೆಯ ಚಿಕ್ಕ ಕಾರಿತ್ತು. ಪೇಟೆಯಲ್ಲಿ ಅದು ಸಾಧು ಪ್ರಾಣಿ. ಆದರೆ ತೆಲಸಂಗದ ಕಡೆ ನಮ್ಮದೊಂದು ಕರಿಮಣ್ಣಿನ ಎರೆ ಹೊಲವಿದೆ. ಡಾಂಬರು ಮುಗಿದು ಬಂಡಿದಾರಿ ಶುರುವಾದ ಕೂಡಲೇ ಆ ಕಾರು ಹೊಟ್ಟೆ ತಿಕ್ಕಿಕೊಂಡು ನರಳುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ನನ್ನ ಹೊಟ್ಟೆಯಲ್ಲೇ ಯಾರೋ ಕಲ್ಲು ಉಜ್ಜಿದ ಹಾಗಾಗುತ್ತಿತ್ತು. ಅಷ್ಟರಲ್ಲಿ ಮಾರುಕಟ್ಟೆಗೆ ಗಿಡ್ಡ ಎಸ್‌ಯುವಿಗಳು ಬಂದವು. ಉದ್ದದಲ್ಲಿ ಕಾರು, ಎತ್ತರದಲ್ಲಿ ಜೀಪು, ಬೆನ್ನಿಗೊಂದು ಸ್ಟೆಪ್ನಿ ಕಟ್ಟಿಕೊಂಡ ಠೀವಿ. ಮಿರಜ ಸ್ಟೇಶನ್ನಿನ ಪುಸ್ತಕದಂಗಡಿಯಲ್ಲಿ ಅದರ ಚಿತ್ರವಿದ್ದ ಪತ್ರಿಕೆ ಕೊಂಡು ತಂದೆ. ಆ ರಾತ್ರಿಯಿಂದ ನಾನು ನಾನಾಗಿ ಉಳಿಯಲಿಲ್ಲ. ತರಗತಿಯಲ್ಲಿ ಬೇಡಿಕೆಯ ರೇಖೆ ಎಳೆಯಲು ಹೋಗಿ ಬೋರ್ಡಿನ ಮೇಲೆ ಬಾನೆಟ್ಟಿನ ಇಳಿಜಾರು ಎಳೆದೆ. ಗ್ರೌಂಡ್ ಕ್ಲಿಯರನ್ಸ್, ಟಾರ್ಕ್, ತಿರುಗಲು ಬೇಕಾಗುವ ಜಾಗ, ಹಿಂದಿನ ಸೀಟು ಅರವತ್ತು-ನಲವತ್ತರ ಲೆಕ್ಕದಲ್ಲಿ ಎರಡು ಭಾಗವಾಗಿ ಮಡಚುವುದು, ಎಲ್ಲವೂ ನನಗೆ ಬಾಯಿಪಾಠವಾಯಿತು. ಗಾಡಿ ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವುದಲ್ಲ, ಮುಂದಿನ ಎರಡಕ್ಕೆ ಮಾತ್ರ ಎನ್ನುವುದನ್ನೂ ಓದಿದ್ದೆ. ಅದನ್ನು ಮಾತ್ರ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಯಜಮಾನರಿಗೆ ಹೇಳಿದೆ. ಅವರು ಗಿರಾಕಿಗೆ ಪೈಪು ಅಳೆದು ಕೊಡುತ್ತಲೇ, "ಇದ್ದ ಗಾಡಿಗೆ ಏನಾಗೈತಿ?" ಎಂದರು. ಏನಾಗಿದೆ ಎಂದು ಅವರ ಕಣ್ಣಲ್ಲಿ ನೀರು ಬರುವ ಹಾಗೆ ವಿವರಿಸಿದೆ. ನೀರು ಬಂದದ್ದು ಪೈಪಿನ ಧೂಳಿಗೆ ಇರಬಹುದು. ಕೊನೆಗೆ, "ನೋಡು, ಹೊಲಾ ಅವ್ವಂದು. ಹೊಲಕ್ಕ ಹೋಗೂ ಗಾಡೀನೂ ಅವ್ವ ಹೂಂ ಅಂದ್ರನ. ನಂದೇನೂ ತಕರಾರ ಇಲ್ಲ" ಎಂದು ಕೈ ತೊಳೆದುಕೊಂಡರು.

ಇಲ್ಲಿ ನಮ್ಮ ಅತ್ತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಎಲ್ಲದರಲ್ಲೂ ಮೃದು, ಸೂರ್ಯನ ವಿಷಯದಲ್ಲಿ ಮಾತ್ರ ಉಕ್ಕು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಒಲೆ ಉರಿಯುವುದಿಲ್ಲ, ತಾಟು ಸದ್ದು ಮಾಡುವುದಿಲ್ಲ. ನಾನೂ ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದದ್ದೇ. ಆದರೆ ನಾನು ಗಡಿಯಾರ ನೋಡಿ ಉಣ್ಣುವವಳು, ಅತ್ತೆ ಆಕಾಶ ನೋಡಿ ಉಣ್ಣುವವರು. ಅದರ ಮೇಲೆ ಅಷ್ಟಮಿ, ಚತುರ್ದಶಿಗೆ ಅವರದು ಒಪ್ಪತ್ತು. ದಿನಕ್ಕೆ ಒಂದೇ ಊಟ, ಒಂದೇ ಕಡೆ ಕೂತು ಮುಗಿಸಬೇಕು, ನಡುವೆ ಏಳುವಂತಿಲ್ಲ. ಆ ಊಟ ತಪ್ಪಿತೋ, ಮರುದಿನ ಬೆಳಗಿನವರೆಗೆ ನೀರೂ ಇಲ್ಲ.

ಗಾಡಿಯ ಸುದ್ದಿಯನ್ನು ಅವರು ಶಾಂತವಾಗಿ ಕೇಳಿದರು. "ಪರೀಕ್ಷಾ ಮಾಡಾಕ ಗಾಡಿ ಮನೀತನಕ ತರ್ತಾರನು?" ಎಂದರು. ತರುತ್ತಾರೆ ಎಂದೆ. "ಹಂಗಾರ ಚತುರ್ದಶಿ ದಿವಸ ಕರಿ. ಬುತ್ತಿ ಕಟ್ಕೊಂಡು ಹೊಲಕ್ಕ ಹೋಗೂಣು. ನೀ ನಿನ್ನ ಪರೀಕ್ಷಾ ಮಾಡು, ನಾ ನಂದು ಮಾಡ್ತೀನಿ. ಹೊತ್ತು ಮುಳಗೂದ್ರಾಗ ನನ್ನ ಊಟಾ ಆತಂದ್ರ ಗಾಡಿ ಪಾಸ್. ಇಲ್ಲಂದ್ರ ಮತ್ತ ಆ ಮಾತು ತಗೀಬಾರ್ದು." ನಾನು ಖುಷಿಯಿಂದ ಒಪ್ಪಿದೆ. ಮಧ್ಯಾಹ್ನಕ್ಕೆ ಬರುವ ಗಾಡಿ, ಮುಕ್ಕಾಲು ತಾಸಿನ ದಾರಿ. ಇಷ್ಟು ಸುಲಭದ ಪ್ರಶ್ನೆಪತ್ರಿಕೆಯನ್ನು ನಾನು ನನ್ನ ವಿದ್ಯಾರ್ಥಿಗಳಿಗೂ ಕೊಟ್ಟಿಲ್ಲ.

ಆ ದಿನ ಬಂತು. ಜೋಳದ ಭಕ್ಕರಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಕಾಯಿಸಿ ಸೋಸಿದ ನೀರಿನ ತಂಬಿಗೆ, ಎಲ್ಲ ಬುತ್ತಿ ಚೀಲದಲ್ಲಿ ಸಿದ್ಧವಾದವು. ನನಗೆ ಮಧ್ಯಾಹ್ನ ತುತ್ತು ಇಳಿಯಲಿಲ್ಲ. ಗಾಡಿ ಬರುವ ದಿನ ಊಟ ಯಾರಿಗೆ ಬೇಕು, ಹೊಲದಲ್ಲಿ ಅತ್ತೆಯ ಜೊತೆಗೇ ಉಂಡರಾಯಿತು ಎಂದುಕೊಂಡೆ. ಹಾದಿ ನೋಡಿ ನೋಡಿ ಬಾಗಿಲ ಹೊಸ್ತಿಲು ಸವೆಯಿತು. ಗಡಿಯಾಚೆ ಮಿರಜದ ಶೋರೂಮಿನಿಂದ ಗಾಡಿ ತಂದ ಅಮೋಲ ಎಂಬ ತರುಣ ಬಂದಾಗ ಬಿಸಿಲು ಇಳಿಯತೊಡಗಿತ್ತು. "ಸಾರೀ ಮ್ಯಾಡಮ್, ಕಾಗವಾಡದಿಂದ ಇಲ್ಲೀತನಕ ಬರೇ ಊಸಾಚೆ ಟ್ರ್ಯಾಕ್ಟರ್. ಓವರ್‌ಟೇಕ್ ಮಾಡಾಕ ಜಾಗಾನ ಇಲ್ರಿ" ಎಂದ. ನನ್ನ ತವರಿನ ಕಬ್ಬೇ ನನಗೆ ಅಡ್ಡ ಬಂದಿತ್ತು. ಆದರೆ ಸಿಟ್ಟು ಮಾಡಲು ನನಗೆ ಪುರುಸೊತ್ತಿರಲಿಲ್ಲ. ಗಾಡಿ ಅಂಗಳದಲ್ಲಿ ನಿಂತಿತ್ತು, ಇಟ್ಟಿಗೆಗೆಂಪು ಬಣ್ಣ. ಪತ್ರಿಕೆಯ ಚಿತ್ರಕ್ಕಿಂತ ಚೆಂದವಿತ್ತು. ನಾನು ಅದನ್ನು ಸುತ್ತು ಹಾಕಿದ್ದನ್ನು ನೋಡಿ ಎದುರುಮನೆಯವರು ಪ್ರದಕ್ಷಿಣೆ ಎಂದುಕೊಂಡರಂತೆ.

ಮೊದಲ ತೊಡಕು ಅತ್ತೆಯನ್ನು ಹತ್ತಿಸುವುದು. ನಾನು ಹಾಡಿ ಹೊಗಳಿದ್ದ ಆ ಎತ್ತರವೇ ಅವರ ಮೊಣಕಾಲಿಗೆ ಬೆಟ್ಟವಾಯಿತು. ಒಳಗಿನಿಂದ ಊಟಕ್ಕೆ ಕೂಡುವ ಕಟ್ಟಿಗೆಯ ಮಣೆ ತರಿಸಿ, ಅದರ ಮೇಲೆ ಕಾಲಿಟ್ಟು, ಯಜಮಾನರು ಹಿಂದಿನಿಂದ ಆಸರೆ ಕೊಟ್ಟು, ಅಂತೂ ಮುಂದಿನ ಸೀಟಿನಲ್ಲಿ ಕೂರಿಸಿದೆವು. "ಮಣೀನೂ ತಗೋರಿ, ಇಳಿಯಾಕ ಬೇಕಲ್ಲ" ಎಂದರು ಅತ್ತೆ. ಮಣೆ ಅವರ ಕಾಲ ಬುಡಕ್ಕೆ ಹೋಯಿತು, ಬುತ್ತಿ ಚೀಲ ಹಿಂದೆ ಡಿಕ್ಕಿಗೆ. ಅಮೋಲ, ಯಜಮಾನರು ಹಿಂದೆ ಕೂತರು. ಸ್ಟೀಯರಿಂಗ್ ನನ್ನ ಕೈಗೆ ಬಂತು.

ಆ ಮೊದಲ ಮುಕ್ಕಾಲು ತಾಸನ್ನು ನೆನೆದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ. ಅಥಣಿಯ ಪೇಟೆಯ ಇಕ್ಕಟ್ಟಿನಲ್ಲಿ ತಳ್ಳುಗಾಡಿ, ಎಮ್ಮೆ, ಸೈಕಲ್ಲುಗಳ ನಡುವೆ ಎತ್ತರಕ್ಕೆ ಕೂತು ಎಲ್ಲವನ್ನೂ ಮೇಲಿನಿಂದ ನೋಡುತ್ತ ಸಾಗಿದೆ. ಹಂಪು ಬಂದರೆ ಹಳೆಯ ಕಾರಿನಲ್ಲಿ ನಾವೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದೆವು. ಈ ಗಾಡಿ ಹಂಪನ್ನು ಮಾತಾಡಿಸದೆಯೇ ದಾಟಿತು. ಊರ ಹೊರಗೆ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಹಾಡು ಹಚ್ಚಿಕೊಂಡಿದ್ದ ಟ್ರ್ಯಾಕ್ಟರೊಂದು ಅಡ್ಡ ಸಿಕ್ಕಿತು. ಗೇರು ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಗಾಡಿ ಮುಂದಕ್ಕೆ ಜಿಗಿಯಿತು, ನನ್ನ ಬಾಯಿಂದ ನನಗೇ ಗೊತ್ತಿಲ್ಲದೆ ಸಿಳ್ಳೆ ಬಂತು. ಹಿಂದಿನಿಂದ ಯಜಮಾನರು, "ಅಂಗಡಿ ಗಿರಾಕಿ ಯಾರರ ನೋಡ್ಯಾರು" ಎಂದರು. ಅತ್ತೆ ಮಾತ್ರ ರಸ್ತೆ ನೋಡಲಿಲ್ಲ, ಸಿಳ್ಳೆಗೂ ತಿರುಗಲಿಲ್ಲ. ಅವರ ಕಣ್ಣು ಪಕ್ಕದ ಕನ್ನಡಿಯಲ್ಲಿ ಇಳಿಯುತ್ತಿದ್ದ ಸೂರ್ಯನ ಮೇಲಿತ್ತು.

ಬಂಡಿದಾರಿಯಲ್ಲೂ ಗಾಡಿ ನನ್ನ ಮಾನ ಉಳಿಸಿತು. ಹಿಂದಿನ ವಾರವಷ್ಟೇ ಹಿಂಗಾರಿ ಮಳೆ ಬಿದ್ದಿತ್ತು. ಹಳ್ಳದ ಕಲ್ಲುಗಳ ಮೇಲೆ ತೂಗುತ್ತ ದಾಟಿತೇ ಹೊರತು ಹೊಟ್ಟೆ ಒಮ್ಮೆಯೂ ತಾಗಲಿಲ್ಲ. ಹೊಲ ಬಂದಾಗ ಸೂರ್ಯ ಇನ್ನೂ ಎರಡು ಆಳೆತ್ತರದಲ್ಲಿದ್ದ. ಅಲ್ಲಿಗೆ ನಿಲ್ಲಿಸಿ ಎಲ್ಲರನ್ನೂ ಇಳಿಸಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ. ಆದರೆ ತಿರುಗಲು ಎಷ್ಟು ಜಾಗ ಬೇಕು ಎನ್ನುವುದನ್ನು ನಾನಿನ್ನೂ ಪರೀಕ್ಷಿಸಿರಲಿಲ್ಲ. ಪತ್ರಿಕೆಯಲ್ಲಿ ಬಹಳ ಕಡಿಮೆ ಎಂದು ಬರೆದಿದ್ದರು. "ಮ್ಯಾಡಮ್, ಇಲ್ಲೇ ಇರ್ಲಿ ಬಿಡ್ರಿ" ಎಂದು ಅಮೋಲ ಅನ್ನುತ್ತಿದ್ದ ಹಾಗೆಯೇ ಗಾಡಿಯನ್ನು ಹಿಮ್ಮುಖವಾಗಿ ಹೊಲಕ್ಕೆ ಇಳಿಸಿದೆ. ಮೇಲೆ ಒಣಗಿದಂತೆ ಕಂಡ ಎರೆಮಣ್ಣು ಒಳಗೆ ಇನ್ನೂ ಹಸಿಯಾಗಿತ್ತು. ಗಾಡಿ ಜಾರಿಕೊಂಡು ಹಿಂದೆ ಹೋಗಿ, ಬೆನ್ನಿನ ಸ್ಟೆಪ್ನಿಯನ್ನು ಹೊಲದ ಬದುವಿಗೆ ಒತ್ತಿ ಆತುಕೊಂಡು ನಿಂತಿತು. ಮುಂದೆ ಎಳೆದೆ. ಮುಂದಿನ ಚಕ್ರಗಳು ಮಣ್ಣು ಮೆತ್ತಿಕೊಂಡು ನಿಂತಲ್ಲೇ ಗಿರಗಿರ ತಿರುಗಿದವು.

"ಫೋರ್ ಬೈ ಫೋರ್ ಹಾಕು, ನಾಲ್ಕೂ ಚಕ್ರ ಜಗ್ಗತಾವು" ಎಂದರು ಯಜಮಾನರು. ಪೈಪಿನವರಾದರೂ ಆ ಶಬ್ದ ಎಲ್ಲೋ ಕೇಳಿದ್ದರು. ನಾನು ಅಮೋಲನನ್ನು ನೋಡಿದೆ, ಅಮೋಲ ನನ್ನನ್ನು ನೋಡಿದ. ಕೊನೆಗೆ ಅವನೇ, "ಹಂಗೇನಿಲ್ರಿ ಸಾಹೇಬ್ರ, ಇದು ನೋಡಾಕ ಅಷ್ಟ ಜೀಪಿನಂಗ" ಎಂದು ಸತ್ಯ ಹೇಳಿಬಿಟ್ಟ. ಯಜಮಾನರು ಚಪ್ಪಲಿ ಕೈಯಲ್ಲಿ ಹಿಡಿದು, ನಮ್ಮ ಹೊಲ ಮಾಡುವ ಲಕ್ಕಪ್ಪನ ಟ್ರ್ಯಾಕ್ಟರು ತರಲು ಹೊರಟರು.

"ಇರ್ಲಿ ಬಿಡು. ಹೊತ್ತೈತಿ ಇನ್ನೂ. ಬುತ್ತಿ ಕೊಡು, ಇಲ್ಲೇ ಕುಂತು ಉಣ್ತೀನಿ" ಎಂದರು ಅತ್ತೆ. ನಾನು ಇಳಿದು ಹಿಂದೆ ಹೋಗಿ ಡಿಕ್ಕಿಯ ಹಿಡಿಕೆ ಎಳೆದೆ, ಬಾಗಿಲು ಅಲುಗಲಿಲ್ಲ. ಆ ಗಾಡಿಯ ಡಿಕ್ಕಿಯ ಬಾಗಿಲು ಮೇಲಕ್ಕೆ ಏಳುವುದಲ್ಲ, ಬೀರುವಿನ ಬಾಗಿಲಿನಂತೆ ಪಕ್ಕಕ್ಕೆ ತೆರೆಯುವುದು. ಬದು ಅದನ್ನು ಒತ್ತಿ ಹಿಡಿದಿತ್ತು. ಬೆರಳು ತೂರುವಷ್ಟು ಸಂದಿಯೂ ಇಲ್ಲ. ಗಾಜಿನ ಮೂಲಕ ಒಳಗಿನ ಬುತ್ತಿ ಚೀಲ, ಅದರಲ್ಲಿನ ನೀರಿನ ತಂಬಿಗೆ ಚೆನ್ನಾಗಿ ಕಾಣುತ್ತಿದ್ದವು. ಅಮೋಲ ಬಾಗಿಲು ಜಗ್ಗಿದ, ಬದುವನ್ನು ಕೈಯಿಂದ ಕೆದರಿದ, ಹಿಂದಿನ ಸೀಟಿನ ಮೇಲಿಂದ ಕೈ ಚಾಚಿದ, ಚೀಲ ನಿಲುಕಲಿಲ್ಲ. "ಕಾಹೀ ಟೆನ್ಶನ್ ನಾಹೀ ಮ್ಯಾಡಮ್" ಎಂದು ಮರಾಠಿಯಲ್ಲಿ ಧೈರ್ಯ ಹೇಳಿದ. ಸೂರ್ಯ ಆಳೆತ್ತರಕ್ಕೆ ಇಳಿದ. ಲಕ್ಕಪ್ಪನ ಟ್ರ್ಯಾಕ್ಟರಿನ ಸದ್ದೂ ಇಲ್ಲ. ಅತ್ತೆ ಪಡುವಣ ನೋಡುತ್ತ ಕೂತಿದ್ದರು. ಅವರು ಗೊಣಗಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ನನ್ನ ಸಂಭ್ರಮಕ್ಕೆ ಬೆಳಗಿನಿಂದ ಹಸಿದ ಮುದುಕಿಯೊಬ್ಬರು ಇನ್ನೊಂದು ಇಡೀ ರಾತ್ರಿ ಹಸಿದಿರಬೇಕಲ್ಲ ಎಂದು ನನಗೆ ಅಳು ಬಂತು.

ಆಗ ನನ್ನ ತಲೆಯಲ್ಲಿ ಪತ್ರಿಕೆಯ ಒಂದು ಪುಟ ತೆರೆದುಕೊಂಡಿತು. ಅರವತ್ತು-ನಲವತ್ತು. ಹಿಂದಿನ ಸೀಟು. "ಅಮೋಲ, ಸೀಟು ಮಡಚೂ ಹಿಡಿಕಿ ಎಲ್ಲೈತಿ?" ಎಂದೆ. "ಗಾಡಿ ಹೊಸಾದು ಮ್ಯಾಡಮ್, ನನಗೂ ಗೊತ್ತಿಲ್ರಿ" ಎಂದ. ಸೀರೆ ಎತ್ತಿ ಕಟ್ಟಿ, ಕೆಸರುಗಾಲಲ್ಲೇ ಹಿಂದಿನ ಸೀಟಿಗೆ ಹತ್ತಿ, ಕತ್ತಲೆಯಲ್ಲಿ ಕಾಳು ಹುಡುಕುವವಳ ಹಾಗೆ ಮೂಲೆ ಮೂಲೆ ತಡವಿದೆ. ಸೀಟಿನ ಭುಜದ ಬಳಿ ಏನೋ ಸಿಕ್ಕಿತು. ಎಳೆದೆ. ಟಕ್ ಎಂದು ಸೀಟಿನ ಬೆನ್ನು ಮುಂದಕ್ಕೆ ಬಾಗಿ ಮಲಗಿತು. ನಾನು ಅದರ ಮೇಲೆ ಮಕಾಡೆ ಬಿದ್ದು, ತೋಳು ಚಾಚಿ, ಬುತ್ತಿ ಚೀಲ ಹಿಡಿದೆ. ಜೀವನದಲ್ಲಿ ಎಷ್ಟೋ ಪದವಿ ಪಡೆದಿದ್ದೇನೆ, ಆ ಚೀಲ ಕೈಗೆ ಬಂದಾಗಿನ ಖುಷಿ ಯಾವುದರಲ್ಲೂ ಸಿಕ್ಕಿಲ್ಲ.

ಅತ್ತೆ ಕಾಲ ಬುಡದ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ತಾಟು ಇರಿಸಿ, ಕಣ್ಣು ಮುಚ್ಚಿ ಮಂತ್ರ ಹೇಳಿ ಊಟಕ್ಕೆ ಶುರು ಮಾಡಿದರು. ಮೊದಲ ತುತ್ತು ಬಾಯಿಗೆ ಹೋಗುವ ಹೊತ್ತಿಗೇ ಟ್ರ್ಯಾಕ್ಟರು ಬಂತು. ಲಕ್ಕಪ್ಪ ಹಗ್ಗ ಬಿಚ್ಚಿ, "ಜಗ್ಗಲ್ರಿ?" ಎಂದ. "ತಡಿಯೋ, ಅವ್ವ ಉಣ್ಣಾಕತ್ತಾಳ. ಜಾಗಾ ಬಿಟ್ಟು ಅಳ್ಳಾಡಂಗಿಲ್ಲ" ಎಂದರು ಯಜಮಾನರು. ಹೂತ ಗಾಡಿಯ ಮುಂದೆ ಟ್ರ್ಯಾಕ್ಟರು ಡಗಡಗ ಎನ್ನುತ್ತ, ಅತ್ತೆ ನಿಧಾನವಾಗಿ ಭಕ್ಕರಿ ಮುರಿಯುತ್ತ, ನಾವೆಲ್ಲ ಕೆಸರಲ್ಲಿ ನಿಂತು ಕಾದೆವು. ಕಾದೆವು ಎಂದೆನಾದರೂ ನನಗೆ ಕಾಯಲು ಎಲ್ಲಿಯ ಪುರುಸೊತ್ತು. ಆ ಸೀಟನ್ನು ಎಬ್ಬಿಸಿದೆ, ಮಡಚಿದೆ, ಮತ್ತೆ ಎಬ್ಬಿಸಿದೆ. ಅಮೋಲನಿಗೆ ಕಲಿಸಿದೆ. ಲಕ್ಕಪ್ಪನಿಗೂ ತೋರಿಸಿದೆ. ಅಮೋಲನ ಮುಖ ಬಾಡಿದ್ದು ಕಂಡು ಅವನಿಗೂ ಭಕ್ಕರಿ ಪಲ್ಯ ಬಡಿಸಿಕೊಟ್ಟೆ. ಪಾಪ, ಅವನೂ ಮಧ್ಯಾಹ್ನದಿಂದ ಉಂಡಿರಲಿಲ್ಲ. ಯಜಮಾನರು ಬದುವಿನ ಮೇಲೆ ನಿಂತೇ ತಮ್ಮದನ್ನು ಮುಗಿಸಿದರು.

ಅತ್ತೆ ಕೈ ತೊಳೆದು ನೀರು ಕುಡಿದು ತಂಬಿಗೆ ಕೆಳಗಿಟ್ಟಾಗ ಸೂರ್ಯನ ಅಂಚು ಮಾತ್ರ ಉಳಿದಿತ್ತು. ಅವರು ಕೈ ಒರೆಸಿಕೊಂಡು ಸೀಟನ್ನು ಒಮ್ಮೆ ತಟ್ಟಿದರು. "ಗಾಡಿ ಪಾಸ್. ಒಳಗಿಂದ ಕೈ ಹಾಕಿದ್ರ ಬುತ್ತಿ ಸಿಗೂ ಗಾಡಿ ಬ್ಯಾರೆ ಯಾವದೂ ಇರಾಕಿಲ್ಲ" ಎಂದರು. ನಾನು ಕುಣಿಯುವುದೊಂದು ಬಾಕಿ. ಅವರು ನನ್ನನ್ನೇ ನೋಡುತ್ತ, "ಸುಜಾತಾ, ನೀ ಉಂಡಿ?" ಎಂದರು.

ನಾನು ಪಡುವಣಕ್ಕೆ ತಿರುಗಿದೆ. ಬಾನು ಕೆಂಪಗಿತ್ತು, ಸೂರ್ಯ ಇರಲಿಲ್ಲ. ಬುತ್ತಿಯಲ್ಲಿ ಉಳಿದಿದ್ದ ಭಕ್ಕರಿ ನನ್ನ ಕೈಯಲ್ಲೇ ಇತ್ತು. ಇನ್ನೊಂದು ಕೈಯಲ್ಲಿ ಸೀಟಿನ ಹಿಡಿಕೆ.

ಟ್ರ್ಯಾಕ್ಟರು ಒಂದೇ ಎಳೆತಕ್ಕೆ ಗಾಡಿಯನ್ನು ಮೇಲೆ ತಂದಿತು. ಶೇಂಗಾ ಚಟ್ನಿಯ ವಾಸನೆ ತುಂಬಿದ ಆ ಗಾಡಿಯನ್ನು ಹಸಿದ ಹೊಟ್ಟೆಯಲ್ಲಿ ನಾನೇ ಅಥಣಿಗೆ ಓಡಿಸಿಕೊಂಡು ಬಂದೆ. ಮುಂದಿನ ತಿಂಗಳು ಅದೇ ಬಣ್ಣದ್ದು ನಮ್ಮ ಅಂಗಳಕ್ಕೆ ಬಂತು. ಈಗ ಹೊಲಕ್ಕೆ ಹೊರಡುವ ದಿನ ನಾನು ಟೈರಿನ ಗಾಳಿ ನೋಡುತ್ತೇನೆ, ಎಣ್ಣೆ ನೋಡುತ್ತೇನೆ, ಬ್ರೇಕು ನೋಡುತ್ತೇನೆ. ಅತ್ತೆ ಇದ್ಯಾವುದನ್ನೂ ಕೇಳುವುದಿಲ್ಲ. ನನ್ನನ್ನು ಒಳಗೆ ಕರೆದು ಅದೇ ಮಣೆಯ ಮೇಲೆ ಕೂರಿಸಿ, ತಾಟು ಇಟ್ಟು, ನಾನು ಕೊನೆಯ ತುತ್ತು ನುಂಗುವವರೆಗೆ ಎದುರಿಗೆ ಕೂತು ನೋಡುತ್ತಾರೆ. "ಗಾಡಿ ಅವತ್ತ ಪಾಸ್ ಆತು" ಎನ್ನುತ್ತಾರೆ, "ನಿಂದಿನ್ನೂ ಆಗಿಲ್ಲ. ಉಣ್ಣು."