ನಮ್ಮ ಭಾವ ಸಾಕುವ ಹಸಿರು ನೀರು

ಚಳ್ಳಕೆರೆಯಲ್ಲಿ ಜನ ಕುರಿ ಸಾಕುತ್ತಾರೆ, ಎಮ್ಮೆ ಸಾಕುತ್ತಾರೆ, ಕೆಲವರು ವೈರಿಗಳನ್ನೂ ಸಾಕುತ್ತಾರೆ. ನಮ್ಮ ಭಾವ ಮಾತ್ರ ನೀರು ಸಾಕುತ್ತಾರೆ! ಅದೂ ಹಸಿರು ನೀರು!

ಭಾವ ಅಂದರೆ ನಮ್ಮಕ್ಕನ ಗಂಡ, ಶೇಂಗಾ ಎಣ್ಣೆ ಮಿಲ್ಲಿನ ಮಾಲೀಕರು. ಅವರ ನಡುಮನೆಯಲ್ಲೊಂದು ಗಾಜಿನ ತೊಟ್ಟಿ. ಅದರಲ್ಲಿ ಉಪ್ಪುನೀರು, ಹವಳ, ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಸಮುದ್ರದ ಹುಳುಗಳು. ಈ ಮಹನೀಯರು ಮುದ್ದೆ ಸಾರು ಮುಟ್ಟುತ್ತಾರೆಯೇ? ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯೇ ಬೇಕು. ಫೈಟೋಪ್ಲಾಂಕ್ಟನ್ ಅಂತ ಅದರ ಹೆಸರು. ಅಕ್ಕ 'ಪೈಟು' ಅನ್ನುತ್ತಾಳೆ. ಅದಕ್ಕಾಗಿಯೇ ಒಂದು ಕೋಣೆ, ಸಾಲಾಗಿ ಬಾಟಲಿಗಳು, ಟ್ಯೂಬ್‌ಲೈಟು, ಒಂದೊಂದು ಬಾಟಲಿಗೂ ಗಾಳಿಯ ನಳಿಕೆ. ಗಾಳಿ ನಿಂತರೆ ಪಾಚಿ ತಳಕ್ಕೆ ಕೂತು ಸಾಯುತ್ತದೆ. ಹೊರಗಿನ ಕ್ರಿಮಿಯೊಂದು ಒಳಹೊಕ್ಕರೆ ಎಲ್ಲವನ್ನೂ ತಿಂದು ಮುಗಿಸುತ್ತದೆ. ಹೀಗಾಗಿ ಭಾವನಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಸಾರು ಬಡಿಸುವಷ್ಟರಲ್ಲಿ ಎದ್ದು ಹೋಗಿ ಬಾಟಲಿ ಅಲ್ಲಾಡಿಸಿ ಬರುತ್ತಾರೆ. ಮಜ್ಜಿಗೆ ಬರುವಷ್ಟರಲ್ಲಿ ಮತ್ತೆ!

"ಊಟ ಮಾಡ್ತೀರೋ, ಗಸ್ತು ತಿರುಗ್ತೀರೋ?" ಅಂತ ಅಕ್ಕ.

"ಗಾಳಿ ಪಂಪಿನ ಸದ್ದು ಬದಲಾತು ಕಣೇ!"

ಬದಲಾಗಿದ್ದು ಕುಕ್ಕರಿನ ಸದ್ದು.

ಒಮ್ಮೆ ಶೇಂಗಾ ದಲಾಲಿಯೊಬ್ಬರು ಬಿಸಿಲಲ್ಲಿ ಬಂದವರು, ಸಲಿಗೆಯಿಂದ ಫ್ರಿಜ್ ತೆಗೆದು, ಹುಳುಗಳ ಊಟಕ್ಕೆಂದು ಇಟ್ಟಿದ್ದ ಹಸಿರು ಬಾಟಲಿಯನ್ನು ಗಟಗಟ ಕುಡಿದರು. ಮುಖ ಹಿಂಡಿಕೊಂಡು, "ಅಕ್ಕಾ, ಪುದೀನ ಶರಬತ್ತಿಗೆ ಸಕ್ಕರೆ ಬದಲು ಉಪ್ಪು ಬಿದ್ದೈತೆ" ಅಂದರು. ಭಾವ ಓಡಿ ಬಂದರು. ದಲಾಲಿ ಬೆವೆತು, "ಏನಾದ್ರೂ ಆಗ್ತೈತೇನ್ರಿ?" ಅಂದರು.

"ನಿಮ್ಗೇನಾಗ್ತೈತೆ? ಬಾಟ್ಲಿಗೆ ಬಾಯಿ ಹಚ್ಚಿದ್ರಾ, ಎತ್ತಿ ಕುಡುದ್ರಾ? ಅದನ್ನ ಹೇಳ್ರಿ ಮೊದ್ಲು!"

ಮೊಳಕಾಲ್ಮೂರಿನಲ್ಲಿ ನೆಂಟರ ಮದುವೆ. ಅವತ್ತು ಚಳ್ಳಕೆರೆಯಲ್ಲಿ ಇಡೀ ದಿನ ಕರೆಂಟಿಲ್ಲವೆಂದು ಮೊದಲೇ ಗೊತ್ತಾಗಿತ್ತು. ಬೀಜಕ್ಕಾದರೂ ಉಳಿಯಲೆಂದು ಒಂದು ಬಾಟಲಿಯನ್ನು ಭಾವ ಬಸ್ಸಿಗೇ ಹತ್ತಿಸಿದರು. ದಾರಿಯುದ್ದಕ್ಕೂ ಅಲ್ಲಾಡಿಸುತ್ತಲೇ ಇದ್ದರು. ಪಕ್ಕದ ಅಜ್ಜಿ ಕುತೂಹಲ ತಡೆಯದೆ, "ಏಮಿ ಮಂದು ನಾಯನಾ?" ಅಂತ ತೆಲುಗಿನಲ್ಲಿ ಕೇಳಿತು.

"ಮಂದು ಅಲ್ಲವ್ವಾ, ಔಷಧಿ ಅಲ್ಲ. ಊಟ."

"ಯಾರಿಗಪ್ಪಾ?"

"ಮನೇಲಿರೋ ಹುಳಕ್ಕೆ!"

ಅಜ್ಜಿ ಗಂಟು ಎತ್ತಿಕೊಂಡು ಹಿಂದಿನ ಸೀಟಿಗೆ ಹೋಯಿತು. ಮದುವೆಯಲ್ಲಿ ಭಾವ ಅಕ್ಷತೆ ಹಾಕಿದ್ದು ಎಡಗೈಯಲ್ಲಿ. ಬಲಗೈಗೆ ಪುರುಸೊತ್ತೆಲ್ಲಿ? ಆಲ್ಬಮ್ಮಿನಲ್ಲಿ ಎಲ್ಲರೂ ಸ್ಪಷ್ಟವಾಗಿದ್ದಾರೆ, ಭಾವನ ಬಲಗೈ ಮಾತ್ರ ಮಸುಕು. ಫೋಟೋಗ್ರಾಫರ್ ಲೆನ್ಸ್ ಒರೆಸಿ ಒರೆಸಿ ಸೋತ!

ಈ ಬೇಸಿಗೆಯಲ್ಲಿ ಅಕ್ಕನಿಗೆ ದಾವಣಗೆರೆಯಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಆಮೇಲೆ ಜ್ವರ ಇಳಿಯಲಿಲ್ಲ. ಗುಟುಕು ಗಂಜಿ ಕುಡಿದರೂ ವಾಂತಿ. ಭಾವ ಅಲ್ಲೇ ಉಳಿದರು, ಬಾಟಲಿಗಳು ನನ್ನ ಪಾಲಿಗೆ ಬಂದವು. ಒಂದು ಮಧ್ಯಾಹ್ನ ಹೋದ ಕರೆಂಟು ಬರಲೇ ಇಲ್ಲ. ತೋಳು ಸೋಲುವವರೆಗೂ ಒಂದೊಂದನ್ನೇ ಅಲ್ಲಾಡಿಸಿದೆ. ಬೆಳಗ್ಗೆ ನೋಡಿದರೆ ನೀರೆಲ್ಲ ತಿಳಿ, ತಳದಲ್ಲಿ ಬೂದುಬಣ್ಣದ ಗಷ್ಟು. ಒಂದು ಬಾಟಲಿಯೂ ಉಳಿದಿರಲಿಲ್ಲ!

ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಮೊದಲ ಬಸ್ಸು ಹಿಡಿದೆ. ಹೇಗೆ ಹೇಳುವುದು? ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರೂ ವಾರ್ಡಿನ ಬಾಗಿಲಲ್ಲಿ ಎಲ್ಲ ಮರೆತು, "ಭಾವ, ಎಲ್ಲಾ ಸತ್ತೋದ್ವು" ಅಂದುಬಿಟ್ಟೆ.

ಮಂಚದ ಪಕ್ಕದ ಸ್ಟೂಲಿನಲ್ಲಿದ್ದ ಭಾವ ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಮಾತಾಡೋ, ಈಗ ನಿದ್ದೆ ಹತ್ತೈತೆ. ಹೋಗ್ಲಿ ಬಿಡು, ಬೀಜ ಮತ್ತೆ ತರ್ಸಿದ್ರಾತು. ಇಲ್ನೋಡು..."

ಸ್ಟೂಲಿನ ಕೆಳಗಿಂದ ಒಂದು ಸ್ಟೀಲ್ ತಟ್ಟೆ ತೆಗೆದು ನನ್ನ ಮುಂದೆ ಹಿಡಿದರು. ಅದರಲ್ಲಿ ಚಟ್ನಿಯ ಗೆರೆ ಬಿಟ್ಟರೆ ಏನೂ ಇರಲಿಲ್ಲ.

"ಇಡ್ಲಿ ತಿಂದ್ಳು ಕಣೋ. ಪೂರ್ತಿ ತಿಂದ್ಳು."

ಬಂದವರಿಗೆ ತೋರಿಸಬೇಕೆಂದು ಆ ತಟ್ಟೆಯನ್ನು ತೊಳೆಯದೆ ಇಟ್ಟುಕೊಂಡಿದ್ದರು.